ಫೈಲಿನಲ್ಲಿದ್ದ ಒಂದು ಸಾಲು, ನಾನು ಓದಿ ಹೇಳದೇ ಬಿಟ್ಟದ್ದು

2023ರ ಮಾರ್ಚ್ ತಿಂಗಳು. ಬೆಂಗಳೂರಿನ ಆಸ್ಪತ್ರೆಯಿಂದ ಚಿಕ್ಕಮ್ಮನನ್ನು ಡಿಸ್ಚಾರ್ಜ್ ಮಾಡಿಸಿಕೊಂಡು ಅರಕಲಗೂಡಿಗೆ ಹೊರಟಿದ್ವಿ. ಕಾರಿನ ಮುಂದಿನ ಸೀಟಿನಲ್ಲಿ ಚಿಕ್ಕಪ್ಪ, ಹಿಂದೆ ಚಿಕ್ಕಮ್ಮ, ಅವರ ಮಗ, ನಾನು. ನೆಲಮಂಗಲ ದಾಟಿದ ಮೇಲೆ ಚಿಕ್ಕಮ್ಮ ಫೈಲನ್ನು ನನ್ನ ತೊಡೆ ಮೇಲಿಟ್ಟು, "ಏನ್ ಬರ್ದವ್ರೆ ಓದವ್ವ" ಅಂದರು.

ಓದಿದೆ. ಇಂಗ್ಲಿಷಿನಲ್ಲಿದ್ದದ್ದನ್ನು ಒಂದೊಂದೇ ಸಾಲು ಕನ್ನಡ ಮಾಡುತ್ತಾ ಹೋದೆ. ಯಾವ ಮಾತ್ರೆ ಊಟಕ್ಕೆ ಮೊದಲು, ಯಾವುದು ಆಮೇಲೆ, ನೀರು ಜಾಸ್ತಿ ಕುಡೀಬೇಕು, ಭಾರ ಎತ್ತಬಾರದು, ಮೂರು ತಿಂಗಳಿಗೊಮ್ಮೆ ಬಂದು ತೋರಿಸಬೇಕು. ಕೊನೆಯಿಂದ ಎರಡನೇ ಸಾಲಿಗೆ ಬಂದಾಗ ಬಾಯಿ ಕಟ್ಟಿತು. "ವೆಜೈನಲ್ ಡೈಲೇಟೇಶನ್ ಅಡ್ವೈಸ್ಡ್" ಅಂತ ಇತ್ತು. ಅದರ ಪೂರ್ತಿ ಅರ್ಥ ನನಗೂ ಗೊತ್ತಿರಲಿಲ್ಲ. ಗೊತ್ತಾದಷ್ಟನ್ನು ಪಕ್ಕದಲ್ಲಿ 19 ವರ್ಷದ ತಮ್ಮ ಕೂತಿರುವಾಗ, ಮುಂದೆ ಚಿಕ್ಕಪ್ಪ ಕಿವಿಗೊಟ್ಟು ಕೇಳುತ್ತಿರುವಾಗ ಹೇಗೆ ಹೇಳೋದು?

"ಅಷ್ಟೇ ಚಿಕ್ಕಮ್ಮ" ಅಂತ ಫೈಲು ಮುಚ್ಚಿದೆ. ಚನ್ನರಾಯಪಟ್ಟಣದಲ್ಲಿ ಕಾಫಿ ಕುಡಿದು ಊರು ಸೇರಿದ್ವಿ.

ಆ ಒಂದು ಸಾಲಿಗೆ ಚಿಕ್ಕಮ್ಮ ಕೊಟ್ಟ ಬೆಲೆ ಏನು ಅನ್ನೋದನ್ನು ಹೇಳೋಕೆ ಇದನ್ನು ಬರೀತಿದ್ದೀನಿ. ಅವರನ್ನು ಕೇಳಿಯೇ ಬರೀತಿದ್ದೀನಿ. "ಹೆಸರು ಬೇಡ, ಊರು ಇದ್ರೆ ಇರ್ಲಿ" ಅಂದಿದ್ದಾರೆ.

ಕಾಯಿಲೆ ಗೊತ್ತಾದದ್ದು

ಚಿಕ್ಕಮ್ಮನಿಗೆ ಆಗ 44 ವರ್ಷ. ಅರಕಲಗೂಡು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಮನೆ. ಹೊಗೆಸೊಪ್ಪು, ಆಲೂಗಡ್ಡೆ, ಒಂದಿಷ್ಟು ಶುಂಠಿ ಬೆಳೀತಾರೆ. ಬಿಳುಪು ಹೋಗೋದು ಜಾಸ್ತಿಯಾಗಿತ್ತು. ಮುಟ್ಟಿನ ದಿನ ಅಲ್ಲದಿದ್ದರೂ ರಕ್ತ ಕಾಣುತ್ತಿತ್ತು. ಮುಟ್ಟು ನಿಲ್ಲೋ ಕಾಲ, ಹಂಗೇ ಇರ್ತದೆ ಅಂತ ಎಂಟು ತಿಂಗಳು ಸುಮ್ಮನಿದ್ದರು. ಆಶಾ ಕಾರ್ಯಕರ್ತೆ ಒತ್ತಾಯ ಮಾಡಿ ಹಾಸನಕ್ಕೆ ಕಳಿಸಿದರು. ಅಲ್ಲಿ ನರ್ಸ್ ಬಾಗಿಲು ಹಾಕಿ ಕೇಳಿದಾಗ ಮಾತ್ರ ಇನ್ನೊಂದು ಮಾತು ಹೊರಗೆ ಬಂತು. ಗಂಡ ಹೆಂಡತಿ ಸೇರಿದ ಮೇಲೆ ರಕ್ತ ಹೋಗುತ್ತಿತ್ತು. ಗರ್ಭಕಂಠದ ಕ್ಯಾನ್ಸರ್‌ನ ಮುಖ್ಯ ಲಕ್ಷಣಗಳಲ್ಲಿ ಇದೊಂದು.

ತುಣುಕು ತೆಗೆದು ಪರೀಕ್ಷೆಗೆ ಕಳಿಸಿದರು. ಸ್ಕ್ಯಾನ್ ಆಯಿತು. ಎರಡನೇ ಹಂತ ದಾಟಿಲ್ಲ, ಆದರೆ ಆಪರೇಷನ್ ಮಾಡಿ ತೆಗೆಯುವ ಹಾಗೂ ಇಲ್ಲ, ರೇಡಿಯೇಶನ್ ಕೊಡಬೇಕು ಅಂದರು.

ನಮ್ಮ ಕಡೆಯವರು ರೇಡಿಯೇಶನ್ ಅಂದರೆ ಬೆಂಗಳೂರಿಗೋ ಮೈಸೂರಿಗೋ ಹೋಗೋದೇ ವಾಡಿಕೆ. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ 1973ರಲ್ಲಿ ಶುರುವಾದಾಗಿನಿಂದ ರಾಜ್ಯದ ಮೂಲೆಮೂಲೆಯ ಬಡವರಿಗೆ ಅದೇ ದಿಕ್ಕು. ಈಗ ಬಿಪಿಎಲ್ ಕಾರ್ಡ್ ಇದ್ದವರು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ತಂದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಖಾಸಗಿ ಆಸ್ಪತ್ರೆಯಲ್ಲೂ ಚಿಕಿತ್ಸೆ ಸಿಗುತ್ತದೆ. ಆ ಯೋಜನೆ 2018ರಲ್ಲಿ ಬಂತು. ಚಿಕ್ಕಮ್ಮನಿಗೂ ಹಾಗೇ ಆಯಿತು. ಯಾವ ಆಸ್ಪತ್ರೆ ಅನ್ನೋದು ಇಲ್ಲಿ ಮುಖ್ಯ ಅಲ್ಲ. ಚಿಕಿತ್ಸೆ ಚೆನ್ನಾಗಿಯೇ ಮಾಡಿದರು. ಚಿಕ್ಕಮ್ಮ ಬದುಕಿದ್ದಾರೆ.

ಜನವರಿಯಲ್ಲಿ ಹೊಗೆಸೊಪ್ಪಿನ ಹರಾಜು ನಡೆಯುತ್ತಿತ್ತು. ಚಿಕ್ಕಪ್ಪ ರಾಮನಾಥಪುರದ ಹರಾಜು ಕಟ್ಟೆ ಬಿಟ್ಟು ಬರುವಂತಿರಲಿಲ್ಲ. ಹಾಗಾಗಿ ಎರಡು ತಿಂಗಳು ಚಿಕ್ಕಮ್ಮ ಬೆಂಗಳೂರಿನ ನನ್ನ ಬಾಡಿಗೆ ಮನೆಯಲ್ಲಿದ್ದರು. ಬೆಳಿಗ್ಗೆ ಆಸ್ಪತ್ರೆಗೆ ಕರೆದುಕೊಂಡು ಹೋಗೋದು, ಕಾಯೋ ಜಾಗದಲ್ಲಿ ಕೂತು ಲ್ಯಾಪ್‌ಟಾಪ್ ತೆಗೆಯೋದು, ಹನ್ನೊಂದರ ಮೀಟಿಂಗನ್ನು ಮ್ಯೂಟ್‌ನಲ್ಲಿ ಮುಗಿಸೋದು. ಎಲ್ಲ ರಿಪೋರ್ಟನ್ನೂ ಸ್ಕ್ಯಾನ್ ಮಾಡಿ, ತಾರೀಖಿನ ಪ್ರಕಾರ ಹೆಸರಿಟ್ಟು, ಡ್ರೈವ್‌ನಲ್ಲಿ ಹಾಕಿದ್ದೆ. ಮನೆಯವರೆಲ್ಲ "ಇವಳಿಲ್ಲದಿದ್ರೆ ಏನ್ ಕಥೆ" ಅಂತಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ.

ಕರೆಂಟ್ ಒಳಗೆ ಏನು ಮಾಡುತ್ತೆ?

ನಮ್ಮ ಊರಲ್ಲಿ ರೇಡಿಯೇಶನ್ ಅಂತ ಯಾರೂ ಅನ್ನಲ್ಲ. "ಕರೆಂಟ್ ಕೊಡ್ತವ್ರೆ" ಅಂತಾರೆ.

ಗರ್ಭಕಂಠದ ಕ್ಯಾನ್ಸರ್‌ಗೆ ಇದನ್ನು ಎರಡು ರೀತಿಯಲ್ಲಿ ಕೊಡುತ್ತಾರೆ. ಮೊದಲು ಹೊರಗಿನಿಂದ. ಯಂತ್ರದ ಕೆಳಗೆ ಮಲಗಿಸಿ ಹೊಟ್ಟೆಯ ಕೆಳಭಾಗಕ್ಕೆ, ವಾರಕ್ಕೆ 5 ದಿನ, ಸುಮಾರು 5 ವಾರ. ಒಟ್ಟು 45ರಿಂದ 50 ಗ್ರೇ. ಗ್ರೇ ಅನ್ನೋದು ರೇಡಿಯೇಶನ್ ಅಳೆಯುವ ಲೆಕ್ಕ. ಜೊತೆಗೆ ಸಾಮಾನ್ಯವಾಗಿ ವಾರಕ್ಕೊಮ್ಮೆ ಸಿಸ್ಪ್ಲಾಟಿನ್ ಅನ್ನುವ ಕೀಮೋ. ಆಮೇಲೆ ಒಳಗಿನ ಕರೆಂಟ್. ಯೋನಿಮಾರ್ಗದ ಮೂಲಕ ಗರ್ಭಕೋಶದವರೆಗೆ ಸಣ್ಣ ನಳಿಕೆ ಇಟ್ಟು, ಗೆಡ್ಡೆಯ ಹತ್ತಿರಕ್ಕೇ ರೇಡಿಯೇಶನ್ ಮುಟ್ಟಿಸುತ್ತಾರೆ. ಇದಕ್ಕೆ ಬ್ರೇಕಿಥೆರಪಿ ಅಂತ ಹೆಸರು. ಎಲ್ಲವೂ 8 ವಾರದೊಳಗೆ ಮುಗಿಯಬೇಕು ಅನ್ನೋದು ನಿಯಮ. ಎಳೆದಷ್ಟೂ ಗುಣವಾಗುವ ಸಾಧ್ಯತೆ ಕಡಿಮೆ.

ಗೆಡ್ಡೆ ಇರೋದು ಯೋನಿಯ ತುದಿಯಲ್ಲಿ. ಹಾಗಾಗಿ ಯೋನಿಯ ಮೇಲ್ಭಾಗಕ್ಕೆ ರೇಡಿಯೇಶನ್ ತಾಗದೇ ಇರುವಂತಿಲ್ಲ. ಒಳಪದರದ ಜೀವಕೋಶಗಳು ಸುಟ್ಟಂತಾಗುತ್ತವೆ, ಸಣ್ಣ ರಕ್ತನಾಳಗಳು ಮುಚ್ಚಿಕೊಳ್ಳುತ್ತವೆ. ಗಾಯ ಮಾಯುವಾಗ ಮೆತ್ತಗಿದ್ದ ಜಾಗ ನಾರುನಾರಾಗಿ ಗಟ್ಟಿಯಾಗುತ್ತದೆ. ಎರಡು ಕಡೆಯ ಗೋಡೆ ಒಂದಕ್ಕೊಂದು ಅಂಟಿಕೊಳ್ಳಬಹುದು. ತಿಂಗಳುಗಳು ಕಳೆದಂತೆ ದಾರಿ ಕಿರಿದಾಗುತ್ತದೆ, ಉದ್ದ ಕಮ್ಮಿಯಾಗುತ್ತದೆ, ಹಿಗ್ಗುವ ಗುಣ ಹೋಗುತ್ತದೆ.

ಇನ್ನೊಂದು ಹೊಡೆತ ಅಂಡಾಶಯಕ್ಕೆ. ಅದೂ ಅದೇ ಜಾಗದಲ್ಲಿರೋದರಿಂದ ಕೆಲಸ ನಿಲ್ಲಿಸುತ್ತದೆ. ನಿಧಾನವಾಗಿ ನಾಲ್ಕೈದು ವರ್ಷದಲ್ಲಿ ಬರಬೇಕಾದ ಮುಟ್ಟು ನಿಲ್ಲುವ ಸ್ಥಿತಿ ಕೆಲವೇ ವಾರದಲ್ಲಿ ಬರುತ್ತದೆ. ಮೈಯೆಲ್ಲ ಬಿಸಿ ಏರೋದು, ನಿದ್ದೆ ಬಾರದಿರೋದು, ಮೂಳೆ ಸವೆಯೋದು, ಯೋನಿ ಒಣಗೋದು, ಆಸೆ ಕುಗ್ಗೋದು. ಒಣಗಿದ, ಕಿರಿದಾದ ಜಾಗ. ಅಲ್ಲಿ ಸೇರುವುದು ಅಂದರೆ ನೋವು, ಕೆಲವು ಸಲ ರಕ್ತ.

ಇದು ಎಲ್ಲೋ ಒಬ್ಬಿಬ್ಬರಿಗೆ ಆಗುವುದಲ್ಲ. ಯುರೋಪಿನ ಆಸ್ಪತ್ರೆಗಳು ಮುಂದೆ ನಿಂತು ಮಾಡಿದ ಎಂಬ್ರೇಸ್ ಅನ್ನುವ ಅಧ್ಯಯನದ 2014ರ ವರದಿಯಲ್ಲಿ, ಚಿಕಿತ್ಸೆ ಮುಗಿದ 2 ವರ್ಷದೊಳಗೆ 100ಕ್ಕೆ 89 ಮಂದಿಗೆ ಯೋನಿಯಲ್ಲಿ ಸ್ವಲ್ಪವಾದರೂ ತೊಂದರೆ ಕಾಣಿಸಿಕೊಂಡಿತ್ತು. 29 ಮಂದಿಗೆ ಮಧ್ಯಮ ಅಥವಾ ಅದಕ್ಕಿಂತ ಹೆಚ್ಚು. ತೀರಾ ತೀವ್ರವಾದದ್ದು 4ಕ್ಕಿಂತ ಕಮ್ಮಿ. ಅಂದರೆ ತೊಂದರೆ ಬಹುಪಾಲು ಎಲ್ಲರಿಗೂ ಬರುತ್ತದೆ, ಆದರೆ ಹೆಚ್ಚಿನವರದ್ದು ಹತೋಟಿಯಲ್ಲಿಡುವಂಥದ್ದು. ಹತೋಟಿಯಲ್ಲಿಡಬೇಕಾದರೆ ಮೊದಲು ಗೊತ್ತಿರಬೇಕಲ್ಲ.

ಭಾರತದಲ್ಲಿ ವರ್ಷಕ್ಕೆ ಸುಮಾರು 1.27 ಲಕ್ಷ ಹೆಣ್ಣುಮಕ್ಕಳಿಗೆ ಹೊಸದಾಗಿ ಗರ್ಭಕಂಠದ ಕ್ಯಾನ್ಸರ್ ಬರುತ್ತದೆ ಅಂತ ಗ್ಲೋಬೊಕ್ಯಾನ್ 2022ರ ಅಂದಾಜು ಹೇಳುತ್ತದೆ. ಸುಮಾರು 80 ಸಾವಿರ ಮಂದಿ ಸಾಯುತ್ತಾರೆ. ನಮ್ಮ ಗಮನವೆಲ್ಲ ಸಾವಿನ ಲೆಕ್ಕದ ಮೇಲೆ. ಬದುಕಿ ಮನೆಗೆ ಬಂದವರು ಹೇಗಿದ್ದಾರೆ ಅಂತ ಕೇಳುವವರು ಕಮ್ಮಿ.

ಮೈಸೂರಿನ ಆ ಬೆಳಿಗ್ಗೆ

ಮೊದಲ ಚೆಕಪ್‌ಗೆ ಚಿಕ್ಕಮ್ಮ ಬಂದರು. ಎರಡನೆಯದಕ್ಕೆ "ಕೊಯ್ಲು ಅದೆ" ಅಂದರು. ಮೂರನೆಯದಕ್ಕೆ "ನಾನ್ ಚೆನ್ನಾಗಿವ್ನಿ, ಯಾಕ್ ಬರ್ಲಿ" ಅಂತ ಫೋನ್ ಇಟ್ಟರು. ಒಳಗೆ ಪರೀಕ್ಷೆ ಮಾಡುವಾಗ ಪ್ರಾಣ ಹೋಗುವಷ್ಟು ನೋವಾಗಿತ್ತು, ಅದಕ್ಕೇ ಬರಲಿಲ್ಲ ಅನ್ನೋದು ಗೊತ್ತಾದದ್ದು ಆಮೇಲೆ.

2024ರ ಜನವರಿಯಲ್ಲಿ ಅಮ್ಮ ಬೈದು ಒಪ್ಪಿಸಿದರು. ಬೆಂಗಳೂರು ದೂರ ಅಂತ ಮೈಸೂರಿಗೆ ಹೋಗೋಣ ಅಂದೆ. ನಮ್ಮ ಮನೆ ಹೊಳೆನರಸೀಪುರ. ಅಲ್ಲಿಂದ ಮೈಸೂರಿಗೆ ನೇರ ರೈಲಿದೆ. ಚಿಕ್ಕಮ್ಮ, ಚಿಕ್ಕಪ್ಪ ಹಿಂದಿನ ದಿನವೇ ಬಂದು ನಮ್ಮಲ್ಲಿ ಉಳಿದರು.

ಆ ಆಸ್ಪತ್ರೆಯ ಡಾಕ್ಟರು ನಲವತ್ತು ದಾಟಿದ ಹೆಣ್ಣುಮಗಳು. ಪರದೆಯ ಹಿಂದೆ ಎರಡೇ ನಿಮಿಷ. ಚಿಕ್ಕಮ್ಮ ಕಿರುಚಿದ್ದು ಕೇಳಿಸಿತು. ಡಾಕ್ಟರು ಹೊರಗೆ ಬಂದು ಕೈ ತೊಳೆದುಕೊಂಡು ಹೇಳಿದರು: "ಒಂದು ಬೆರಳೂ ಸರಿಯಾಗಿ ಹೋಗ್ತಿಲ್ಲ. ಗರ್ಭಕಂಠ ನೋಡೋಕೇ ಆಗ್ತಿಲ್ಲ. ಡೈಲೇಟರ್ ಹಾಕ್ಕೋತಿರಲಿಲ್ವಾ ನೀವು?"

ಚಿಕ್ಕಮ್ಮನಿಗೆ ಆ ಪದವೇ ಗೊತ್ತಿರಲಿಲ್ಲ. ಡಾಕ್ಟರು ಹಳೇ ಫೈಲು ತಿರುವಿ, ಆ ಸಾಲಿನ ಮೇಲೆ ಪೆನ್ನಿಟ್ಟು ನನ್ನ ಕಡೆ ನೋಡಿದರು. "ಬರೆದಿದ್ದಾರಲ್ಲ. ಯಾರೂ ಹೇಳ್ಲಿಲ್ವಾ?"

ಬರೆದವರು ಇಂಗ್ಲಿಷಿನಲ್ಲಿ ಬರೆದು ಕೈ ತೊಳೆದುಕೊಂಡಿದ್ದರು. ಡಿಸ್ಚಾರ್ಜ್ ದಿನ ಯಾರೂ ಕೂರಿಸಿಕೊಂಡು ವಿವರಿಸಿರಲಿಲ್ಲ, ಅದು ನಿಜ. ಆದರೆ ಇಂಗ್ಲಿಷ್ ಬರುತ್ತಿದ್ದ ನಾನು ಅದನ್ನು ಓದಿದ್ದೆ. ನಮ್ಮ ಆಫೀಸಿನಲ್ಲಿ ಸಾಫ್ಟ್‌ವೇರ್ ರಿಲೀಸ್ ಮಾಡುವಾಗ ಗೊತ್ತಿರುವ ದೋಷಗಳನ್ನೂ ಪಟ್ಟಿ ಮಾಡಿ ಗ್ರಾಹಕರಿಗೆ ಕೊಡ್ತೀವಿ. ಮುಜುಗರ ಅಂತ ಒಂದು ಸಾಲು ಅಳಿಸಿದರೆ ಕೆಲಸ ಹೋಗುತ್ತೆ. ಚಿಕ್ಕಮ್ಮನ ವಿಷಯದಲ್ಲಿ ಅದನ್ನೇ ಮಾಡಿದ್ದೆ.

ಡಾಕ್ಟರು ಬೈಯಲಿಲ್ಲ. ಒಂದು ಮಾತು ಮಾತ್ರ ಬಿಡಿಸಿ ಹೇಳಿದರು. ಡೈಲೇಟರ್ ಇರೋದು ಗಂಡನಿಗೋಸ್ಕರ ಅಲ್ಲ. ಕ್ಯಾನ್ಸರ್ ಮತ್ತೆ ಬಂದಿದೆಯಾ ಅಂತ ಕಣ್ಣಿಟ್ಟು ನೋಡೋಕೆ ಆ ದಾರಿ ತೆರೆದಿರಬೇಕು. ಗಂಡನಿಲ್ಲದವರಿಗೂ, ಮದುವೆಯಾಗದವರಿಗೂ, ಅರವತ್ತು ದಾಟಿದವರಿಗೂ ಅದಕ್ಕೇ ಹೇಳೋದು.

ಹೊಳೆನರಸೀಪುರದ ಆ ರಾತ್ರಿ

ಸಂಜೆ ರೈಲಿನಲ್ಲಿ ವಾಪಸ್ ಬಂದ್ವಿ. ಊಟ ಆದ ಮೇಲೆ ಚಿಕ್ಕಮ್ಮ, ನಾನು ಮಾಳಿಗೆ ಮೇಲೆ ಕೂತಿದ್ವಿ. ಕಾರಿನಲ್ಲಿ ಆದದ್ದನ್ನು ಹೇಳಿದೆ. ಓದಿದ್ದೆ, ಗೊತ್ತಿದ್ದೂ ಹೇಳಲಿಲ್ಲ ಅಂತ.

ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಇಪ್ಪತ್ತೈದು ದಿನ ಕರೆಂಟ್ ತಗೊಂಡೋಳು, ಆ ನಳಿಕೆ ಇಡಿಸ್ಕೊಂಡೋಳು, ಇದೊಂದ್ ಮಾಡ್ತಿರ್ಲಿಲ್ವಾ ಮಗ?" ಅಂದರು. ಕೋಪ ಇರಲಿಲ್ಲ ಆ ದನಿಯಲ್ಲಿ. ಕೋಪ ಇದ್ದಿದ್ದರೇ ವಾಸಿ ಅನ್ನಿಸಿತು.

ಆಮೇಲೆ ಉಳಿದದ್ದೂ ಬಂತು. ಊರಿಗೆ ಹೋದ ಮೇಲೆ ಚಿಕ್ಕಪ್ಪ ಜಗಲಿಯಲ್ಲಿ ಮಲಗೋಕೆ ಶುರು ಮಾಡಿದ್ದರು. "ನಿಂಗೆ ನಿದ್ದೆ ಬರ್ಲಿ" ಅಂತ ಕಾರಣ. ಚಿಕ್ಕಮ್ಮ ತಿಳಿದುಕೊಂಡದ್ದು ಬೇರೆ. "ನನ್ನ ಕಂಡ್ರೆ ಹೇಸಿಗೆ ಅವ್ರಿಗೆ. ಒಳಗೆಲ್ಲ ಕೊಳೆತೋಗಿದೆ ಅಂದ್ಕೊಂಡವ್ರೆ." ಒಂದೇ ಒಂದು ಸಲ, ದೀಪಾವಳಿ ಕಳೆದ ಮೇಲೆ, ಹತ್ತಿರ ಬಂದಿದ್ದರಂತೆ. ಚಿಕ್ಕಮ್ಮನಿಗೆ ತಡೆಯಲಾಗದ ನೋವು, ಸ್ವಲ್ಪ ರಕ್ತ. ಇಬ್ಬರೂ ಹೆದರಿದರು. ಕಾಯಿಲೆ ಮೊದಲು ಕಾಣಿಸಿಕೊಂಡದ್ದೂ ಅದೇ ರೀತಿ ಅಲ್ಲವಾ. ಮತ್ತೆ ಬಂತು ಅಂತ ಒಬ್ಬರಿಗೊಬ್ಬರು ಹೇಳದೇ ಇಬ್ಬರೂ ಅಂದುಕೊಂಡರು. ಆಮೇಲೆ ಇಬ್ಬರೂ ಆ ಮಾತೇ ಎತ್ತಲಿಲ್ಲ.

46ನೇ ವಯಸ್ಸಿಗೆ ಕಾಲಿಡುತ್ತಿದ್ದ, ಬೆಳೆದ ಇಬ್ಬರು ಮಕ್ಕಳಿರುವ ಹೆಂಗಸಿಗೆ ಇದೆಲ್ಲ ಯಾಕೆ ಅಂತ ನಾವೆಲ್ಲ ಅಂದುಕೊಂಡಿದ್ದೆವು. ಆಸ್ಪತ್ರೆಯವರೂ ಬಹುಶಃ ಹಾಗೇ ಅಂದುಕೊಂಡರು. ಚಿಕ್ಕಮ್ಮನನ್ನು ಕೇಳಿದವರು ಯಾರೂ ಇರಲಿಲ್ಲ.

ಮುಂದಿನ ತಿಂಗಳು ಡಾಕ್ಟರು ಚಿಕ್ಕಪ್ಪನನ್ನೂ ಒಳಗೆ ಕರೆಸಿದರು. ನಾನು ಹೊರಗಿದ್ದೆ. ಒಳಗೆ ನಡೆದದ್ದನ್ನು ಚಿಕ್ಕಮ್ಮ ಹೇಳಿದ್ದು. ಚಿಕ್ಕಪ್ಪ ಗೋಡೆಯ ಕ್ಯಾಲೆಂಡರ್ ನೋಡುತ್ತಾ ಎರಡೇ ಪ್ರಶ್ನೆ ಕೇಳಿದರಂತೆ. "ಅದು ಅಂಟ್ತದಾ ಡಾಕ್ಟ್ರೆ?" ಅನ್ನೋದು ಒಂದು. "ನನ್ನಿಂದ ಅವಳಿಗೆ ಮತ್ತೆ ಬಂದ್ರೆ?" ಅನ್ನೋದು ಇನ್ನೊಂದು. ಹೇಸಿಗೆ ಅಲ್ಲ, ಭಯ. ಒಂದು ವರ್ಷ ಜಗಲಿಯಲ್ಲಿ ಮಲಗಿದ್ದು ಅದಕ್ಕೆ.

ಉತ್ತರ ಇಷ್ಟು. ಕ್ಯಾನ್ಸರ್ ಅಂಟುವುದಿಲ್ಲ. ಹೊರಗಿನ ರೇಡಿಯೇಶನ್ ಯಂತ್ರ ನಿಂತ ಕೂಡಲೇ ಮುಗಿಯಿತು, ಮೈಯಲ್ಲಿ ಏನೂ ಉಳಿಯುವುದಿಲ್ಲ. ಒಳಗಿನ ಕರೆಂಟ್‌ನ ನಳಿಕೆಗೆ ಕಳಿಸಿದ ವಿಕಿರಣದ ಮೂಲವನ್ನೂ ವಾಪಸ್ ತೆಗೆದೇ ಕಳಿಸಿರುತ್ತಾರೆ. ಮುಟ್ಟಿದರೆ, ಜೊತೆಗೆ ಮಲಗಿದರೆ, ಸೇರಿದರೆ ಗಂಡನಿಗೆ ಏನೂ ಆಗುವುದಿಲ್ಲ, ಹೆಂಡತಿಗೆ ಕ್ಯಾನ್ಸರ್ ವಾಪಸ್ ಬರುವುದೂ ಇಲ್ಲ. ಗರ್ಭಕಂಠದ ಕ್ಯಾನ್ಸರ್‌ಗೆ ಬಹುಪಾಲು ಕಾರಣವಾದ ಎಚ್‌ಪಿವಿ ಅನ್ನುವ ವೈರಸ್ ಸೇರುವುದರಿಂದ ಹರಡುತ್ತದೆ, ನಿಜ. ಆದರೆ ಅದು ಜೀವನದಲ್ಲಿ ಒಂದಲ್ಲ ಒಂದು ಸಲ ಹೆಚ್ಚಿನವರಿಗೆ ಬಂದು ತಾನಾಗಿ ಹೋಗುವ ವೈರಸ್. ಕ್ಯಾನ್ಸರ್ ಆಗೋಕೆ ಎಷ್ಟೋ ವರ್ಷ ಬೇಕು. ಯಾರಿಂದ ಯಾರಿಗೆ, ಯಾವಾಗ ಬಂತು ಅಂತ ಹೇಳೋಕೆ ಆಗಲ್ಲ. ಅದನ್ನು ಹಿಡಿದು ಗಂಡನ ಮೇಲೋ ಹೆಂಡತಿಯ ಮೇಲೋ ಅನುಮಾನ ಪಡೋದರಲ್ಲಿ ಅರ್ಥವಿಲ್ಲ.

ಏನು ಮಾಡಬಹುದು

ನರ್ಸ್ ಚಿಕ್ಕಮ್ಮನಿಗೆ ಕಲಿಸಿಕೊಟ್ಟದ್ದನ್ನು, ಡಾಕ್ಟರು ಹೇಳಿದ್ದನ್ನು ಸೇರಿಸಿ ಬರೀತಿದ್ದೀನಿ. ನಿಮ್ಮ ಮನೆಯವರ ಸ್ಥಿತಿ ಬೇರೆ ಇರಬಹುದು. ಶುರು ಮಾಡುವ ಮೊದಲು ಚಿಕಿತ್ಸೆ ಕೊಟ್ಟ ಡಾಕ್ಟರನ್ನು ಕೇಳಲೇಬೇಕು.

ಡೈಲೇಟರ್ ಅಂದರೆ ತುದಿ ದುಂಡಗಿರುವ, ನುಣುಪಾದ ಪ್ಲಾಸ್ಟಿಕ್ ಅಥವಾ ಸಿಲಿಕೋನ್ ಕೊಳವೆ. ಸಣ್ಣದರಿಂದ ದೊಡ್ಡದರವರೆಗೆ ಮೂರು ನಾಲ್ಕು ಅಳತೆಯಲ್ಲಿ ಸಿಗುತ್ತದೆ. ರೇಡಿಯೇಶನ್ ನಡೆಯುತ್ತಿರುವಾಗ ಹಾಕುವಂತಿಲ್ಲ, ಹಸಿ ಗಾಯಕ್ಕೆ ಪೆಟ್ಟಾಗುತ್ತದೆ. ಚಿಕಿತ್ಸೆ ಮುಗಿದು, ಉರಿ ಇಳಿದ ಮೇಲೆ, ಸಾಮಾನ್ಯವಾಗಿ ಒಂದು ತಿಂಗಳ ಆಸುಪಾಸಿನಲ್ಲಿ ಶುರು ಮಾಡಲು ಹೇಳುತ್ತಾರೆ. ಬಾಗಿಲು ಹಾಕಿಕೊಂಡು, ಮಲಗಿ ಮಂಡಿ ಮಡಚಿ, ನೀರಿನಿಂದ ಮಾಡಿದ ಜೆಲ್ ಹಚ್ಚಿ, ಸಣ್ಣ ಅಳತೆಯದನ್ನು ನಿಧಾನವಾಗಿ ಒಳಗೆ ಬಿಡಬೇಕು. ಒತ್ತಾಯ ಬೇಡ. 5ರಿಂದ 10 ನಿಮಿಷ, ವಾರಕ್ಕೆ ಎರಡು ಮೂರು ಸಲ. ಆಮೇಲೆ ಸೋಪು ನೀರಿನಲ್ಲಿ ತೊಳೆದು ಒಣಗಿಸಿಡಬೇಕು. ಒಂದೆರಡು ಹನಿ ರಕ್ತ ಕಂಡರೆ ಗಾಬರಿ ಬೇಡ. ಜಾಸ್ತಿ ಹೋದರೆ, ವಾಸನೆ ಬಂದರೆ, ನೋವು ಏರುತ್ತಿದ್ದರೆ ಡಾಕ್ಟರ ಹತ್ತಿರ ಹೋಗಬೇಕು. ಒಂದು ವಾರ ಮಾಡಿ ಬಿಡುವಂಥದ್ದಲ್ಲ, ವರ್ಷಗಟ್ಟಲೆ ಮಾಡಬೇಕಾಗಬಹುದು.

ಇದು ಪವಾಡವೂ ಅಲ್ಲ. ಡೈಲೇಟರ್ ಹಾಕಿದವರಿಗೆಲ್ಲ ಕಿರಿದಾಗುವುದು ತಪ್ಪುತ್ತದೆ ಅಂತ ಗಟ್ಟಿಯಾಗಿ ತೋರಿಸುವ ದೊಡ್ಡ ಪ್ರಯೋಗಗಳು ನಡೆದಿಲ್ಲ. ಆದರೂ ಸರಿಯಾದ ಸಮಯಕ್ಕೆ ಶುರು ಮಾಡಿದರೆ ಗೋಡೆಗಳು ಅಂಟಿಕೊಳ್ಳದಂತೆ ನೋಡಿಕೊಳ್ಳಬಹುದು ಅನ್ನೋದು ಚಿಕಿತ್ಸೆ ಕೊಡುವವರ ಅನುಭವ.

ಒಣಗುವುದಕ್ಕೆ ಬೇರೆ ಉಪಾಯವಿದೆ. ಸೇರುವಾಗ ಹಚ್ಚುವ ಜೆಲ್ ಒಂದು, ವಾರಕ್ಕೆರಡು ಸಲ ತೇವ ಉಳಿಸೋಕೆ ಹಚ್ಚುವ ಕ್ರೀಮು ಇನ್ನೊಂದು. ಈಸ್ಟ್ರೋಜನ್ ಹಾರ್ಮೋನ್ ಇರುವ ಕ್ರೀಮನ್ನು ಡಾಕ್ಟರು ಬರೆದುಕೊಟ್ಟರೆ ಮಾತ್ರ ಹಚ್ಚಬೇಕು. ಗರ್ಭಕಂಠದ ಸಾಮಾನ್ಯ ಬಗೆಯ ಕ್ಯಾನ್ಸರ್‌ಗೆ ಹಾರ್ಮೋನ್‌ನಿಂದ ಅಪಾಯವಿಲ್ಲ ಅಂತ ಕೊಡುತ್ತಾರೆ. ಸ್ತನದ ಅಥವಾ ಗರ್ಭಕೋಶದ ಒಳಪದರದ ಕ್ಯಾನ್ಸರ್ ಆದವರ ಲೆಕ್ಕ ಬೇರೆ. ಕೊಬ್ಬರಿ ಎಣ್ಣೆ ಹಚ್ಚುವವರೂ ಇದ್ದಾರೆ. ಕಾಂಡೋಮ್ ಬಳಸುವವರು ಎಣ್ಣೆ ಹಚ್ಚಬಾರದು, ರಬ್ಬರ್ ಹರಿಯುತ್ತದೆ.

ಸೇರುವುದನ್ನು ಮತ್ತೆ ಯಾವಾಗ ಶುರು ಮಾಡಬಹುದು ಅನ್ನೋದಕ್ಕೆ, ಒಳಗಿನ ಗಾಯ ಮಾಯ್ದ ಮೇಲೆ ಅನ್ನೋದು ಉತ್ತರ. ಸಾಮಾನ್ಯವಾಗಿ ಒಂದೂವರೆ ಎರಡು ತಿಂಗಳು. ಅಷ್ಟರಲ್ಲಿ ಮನಸ್ಸು ಸಿದ್ಧ ಇಲ್ಲದಿದ್ದರೆ ಅದೂ ಸರಿಯೇ. ಪಕ್ಕದಲ್ಲಿ ಮಲಗೋದಕ್ಕೆ, ಕೈ ಹಿಡಿದುಕೊಳ್ಳೋದಕ್ಕೆ ಯಾವ ಡಾಕ್ಟರ ಅನುಮತಿಯೂ ಬೇಡ.

ಜೆಲ್ ತರೋಕೆ ಹಾಸನದ ಒಂದು ಮೆಡಿಕಲ್ ಶಾಪಿಗೆ ನಾನೇ ಹೋದೆ. ಇಂಜಿನಿಯರಿಂಗ್ ಓದಿದ್ದು ಅದೇ ಊರಲ್ಲಿ. ಅಂಗಡಿಯವನು ಹೆಸರು ಕೇಳಿ ನನ್ನ ಮುಖ ನೋಡಿದ, ಪೇಪರಿನಲ್ಲಿ ಸುತ್ತಿ ಕಪ್ಪು ಕವರಿಗೆ ಹಾಕಿದ. ನನಗೇ ಇಷ್ಟು ಬೆವರು ಬಂದರೆ ಅರಕಲಗೂಡಿನಲ್ಲಿ ಚಿಕ್ಕಮ್ಮ ಹೇಗೆ ಕೇಳುತ್ತಾರೆ? ಈಗ ಮೂರು ತಿಂಗಳಿಗಾಗುವಷ್ಟು ಆನ್‌ಲೈನ್‌ನಲ್ಲಿ ತರಿಸಿ ಕಳಿಸ್ತೀನಿ. ಅಮ್ಮ ಅದನ್ನು ಹಪ್ಪಳದ ಡಬ್ಬಿ ಜೊತೆ ಬಸ್ಸಿಗೆ ಹಾಕ್ತಾರೆ.

ಚನ್ನರಾಯಪಟ್ಟಣದ ಗೆಳತಿ

ಇದು ಗರ್ಭಕಂಠದ ಕ್ಯಾನ್ಸರ್‌ಗೆ ಮಾತ್ರ ಸೇರಿದ ಮಾತಲ್ಲ. ಕಾಲೇಜಿನಲ್ಲಿ ನನ್ನ ಜೊತೆ ಓದಿದ, ಚನ್ನರಾಯಪಟ್ಟಣದ ಗೆಳತಿಯೊಬ್ಬಳಿಗೆ ಕಳೆದ ವರ್ಷ ಗುದನಾಳದ ಕ್ಯಾನ್ಸರ್ ಬಂತು. ಮದುವೆಯಾಗಿಲ್ಲ. ಅವಳಿಗೂ ಹೊಟ್ಟೆಯ ಕೆಳಭಾಗಕ್ಕೇ ರೇಡಿಯೇಶನ್. ಜಾಗ ಅದೇ ಆದರೆ ಅಡ್ಡಪರಿಣಾಮವೂ ಅದೇ.

ಚಿಕ್ಕಮ್ಮನ ಕಥೆ ಗೊತ್ತಿದ್ದರಿಂದ ಫೋನಿನಲ್ಲೇ ಹೇಳಿದೆ: ಶುರು ಮಾಡುವ ಮೊದಲು ಮಕ್ಕಳಾಗುವ ಬಗ್ಗೆ ಕೇಳು. ಅವಳು ಕೇಳಿದಳು. ರೇಡಿಯೇಶನ್‌ಗೆ ಮೊದಲು ಅಂಡಾಣು ತೆಗೆದು ಶೈತ್ಯದಲ್ಲಿಡಬಹುದು, ಅದಕ್ಕೆ ಸುಮಾರು ಎರಡು ವಾರ ಬೇಕು. ಇಲ್ಲವೇ ಸಣ್ಣ ಆಪರೇಷನ್ ಮಾಡಿ ಅಂಡಾಶಯವನ್ನು ರೇಡಿಯೇಶನ್ ತಾಗದಷ್ಟು ಮೇಲಕ್ಕೆ ಸರಿಸಿ ಹೊಲಿಯಬಹುದು. ಎಲ್ಲರಿಗೂ ಆಗುವುದಿಲ್ಲ, ಆದರೂ ಯಾವಾಗಲೂ ಉಳಿಯುತ್ತದೆ ಅಂತಲೂ ಇಲ್ಲ. ಗರ್ಭಕೋಶಕ್ಕೇ ರೇಡಿಯೇಶನ್ ತಾಗಿದ ಮೇಲೆ ಅದು ಮಗುವನ್ನು ಹೊರುವುದು ಕಷ್ಟ ಅನ್ನೋದನ್ನೂ ಡಾಕ್ಟರು ಮುಚ್ಚಿಡಲಿಲ್ಲ. ಅವಳು ಅಂಡಾಶಯ ಮೇಲಕ್ಕೆ ಹಾಕಿಸಿಕೊಂಡಳು.

"ಮುಂದೆ ಮದುವೆ ಆಗೋನಿಗೆ ಏನ್ ಹೇಳೋದು ಅಂತ ಅಮ್ಮಂಗೆ ಚಿಂತೆ. ಅದು ಆಮೇಲಿನ ಮಾತು. ನನ್ನ ಮೈಗೆ ಏನಾಗುತ್ತೆ ಅಂತ ಮೊದಲು ನನಗೆ ಗೊತ್ತಿರಬೇಕಲ್ವಾ?" ಅಂದಳು. ಅವಳು ಕೇಳಬಲ್ಲವಳು. ಇಂಗ್ಲಿಷ್ ಬರುತ್ತದೆ, ಡಾಕ್ಟರ ಮುಂದೆ ಕೂತು ಪಟ್ಟಿ ತೆಗೆದು ಓದಬಲ್ಲಳು. ಚಿಕ್ಕಮ್ಮನಿಗೂ ಅವಳಿಗೂ ಇದ್ದ ವ್ಯತ್ಯಾಸ ಅಷ್ಟೇ. ಆ ವ್ಯತ್ಯಾಸ ತುಂಬುತ್ತೀನಿ ಅಂತಲೇ ನಾನು ಫೈಲು ಹಿಡಿದು ಹೋಗಿದ್ದು.

ಫೈಲು ಹಿಡಿದು ಹೋಗುವವರಿಗೆ

ಈ ಅಂಕಣ ಓದುವ ನಿಮ್ಮಲ್ಲಿ ಎಷ್ಟೋ ಮಂದಿ ನನ್ನ ಹಾಗೇ ಮನೆಯ ಆಸ್ಪತ್ರೆ ಕೆಲಸ ನೋಡಿಕೊಳ್ಳುವವರು. ಅಮ್ಮನದೋ ಅತ್ತೆಯದೋ ರಿಪೋರ್ಟ್ ಫೋನಿನಲ್ಲಿ ಓದಿ ಹೇಳುವವರು. ಹೊಟ್ಟೆಯ ಕೆಳಭಾಗಕ್ಕೆ ರೇಡಿಯೇಶನ್ ಅಂದರೆ, ಮೊದಲ ದಿನಕ್ಕೆ ಮುಂಚೆಯೇ ಇಷ್ಟು ಕೇಳಿಸಿಕೊಳ್ಳಿ:

1. ಮುಟ್ಟು ನಿಂತುಹೋಗುತ್ತಾ? ಮಕ್ಕಳು ಬೇಕು ಅನ್ನುವವರಿಗೆ ಈಗಲೇ ಏನಾದರೂ ಮಾಡಬಹುದಾ?

2. ಯೋನಿ ಕಿರಿದಾಗದಂತೆ ಏನು ಮಾಡಬೇಕು? ಡೈಲೇಟರ್ ಯಾವಾಗಿಂದ, ಯಾವ ಅಳತೆ, ಯಾರು ಕಲಿಸಿಕೊಡ್ತಾರೆ?

3. ಗಂಡ ಹೆಂಡತಿ ಮತ್ತೆ ಯಾವಾಗ ಸೇರಬಹುದು? ಗಂಡನಿಗೂ ನೀವೇ ಒಂದು ಮಾತು ಹೇಳ್ತೀರಾ?

4. ಬೇಗ ಮುಟ್ಟು ನಿಂತರೆ ಮೂಳೆಗೆ ಏನು ಮಾಡಬೇಕು? ಹಾರ್ಮೋನ್ ಕೊಡಬಹುದಾ?

5. ಮೂತ್ರ, ಮಲದಲ್ಲಿ ರಕ್ತ ಕಂಡರೆ, ತಡೆಯೋಕೆ ಆಗದಿದ್ದರೆ ಯಾರನ್ನು ನೋಡಬೇಕು?

ಕೇಳೋಕೆ ಮುಜುಗರ ಆದರೆ ಬರೆದುಕೊಟ್ಟುಬಿಡಿ. ಹೆಣ್ಣುಮಕ್ಕಳ ಮಾತನ್ನು ಗಂಡು ಹುಡುಗ ಹೇಳೋಕೆ ಆಗದಿದ್ದರೆ ಫೈಲನ್ನು ಅಕ್ಕನಿಗೋ ಅತ್ತಿಗೆಗೋ ಕೊಡಿ. ಒಳಗೆ ನರ್ಸ್ ಜೊತೆ ಅವರೊಬ್ಬರನ್ನೇ ಹತ್ತು ನಿಮಿಷ ಬಿಟ್ಟು ಹೊರಗೆ ಬನ್ನಿ. ಆದರೆ ಒಂದು ಸಾಲನ್ನೂ ಬಿಡಬೇಡಿ. "ಈ ವಯಸ್ಸಿಗೆ ಯಾಕೆ" ಅಂತ ನೀವು ತೀರ್ಮಾನ ಮಾಡಬೇಡಿ, ಅದು ಅವರ ಮೈ.

ಚಿಕ್ಕಮ್ಮ ಸಣ್ಣ ಅಳತೆಯಿಂದ ಎರಡನೆಯದಕ್ಕೆ ಬರೋಕೆ ಏಳು ತಿಂಗಳು ಹಿಡಿಯಿತು. ಮೂರನೆಯದು ಹೋಗುತ್ತಿಲ್ಲ, ಹೋಗೋದು ಅನುಮಾನ ಅಂತ ಡಾಕ್ಟರು ಹೇಳಿದ್ದಾರೆ. ಅಂಟಿಕೊಂಡದ್ದನ್ನು ಪೂರ್ತಿ ಬಿಡಿಸೋಕೆ ಆಗಲ್ಲ, ಮೊದಲೇ ಶುರು ಮಾಡಿದ್ದರೆ ಇಷ್ಟು ಆಗುತ್ತಿರಲಿಲ್ಲ. ಈಗ ಡಾಕ್ಟರು ಒಳಗೆ ನೋಡುವಷ್ಟು ಜಾಗವಿದೆ. ಕಳೆದ ಚೆಕಪ್‌ನಲ್ಲಿ ಗರ್ಭಕಂಠ ಕಂಡಿತು, ಕ್ಯಾನ್ಸರ್ ಇಲ್ಲ.

ಚಿಕ್ಕಪ್ಪ ಜಗಲಿಯಿಂದ ಒಳಗೆ ಬಂದಿದ್ದಾರೆ. ಅಷ್ಟನ್ನು ಚಿಕ್ಕಮ್ಮ ಹೇಳಿದರು, ಅದಕ್ಕಿಂತ ಹೆಚ್ಚು ನಾನು ಕೇಳಲಿಲ್ಲ.

ಹೋದ ವಾರ ಮೈಸೂರಿನಿಂದ ಬರುವಾಗ ರೈಲಿನಲ್ಲಿ ಹೊಸ ರಿಪೋರ್ಟ್ ನನ್ನ ಕೈಗೆ ಕೊಟ್ಟು "ಓದವ್ವ" ಅಂದರು. ಬೋಗಿಯಲ್ಲಿ ಜನ ಇದ್ದರು. ಹತ್ತಿರ ಸರಿದು, ಅವರ ಕಿವಿಯ ಪಕ್ಕ ಬಗ್ಗಿ, ಮೊದಲನೇ ಸಾಲಿನಿಂದ ಕೊನೇ ಸಾಲಿನವರೆಗೆ ಓದಿದೆ.